ಐದನೇ ಕುರ್ಚಿ, ಆರನೇ ಕುರ್ಚಿ

ಕೇಸು ಕೇಳಿ ತೀರ್ಪು ಹೇಳುವ ಹನ್ನೆರಡು ಜನ ಊರವರ ಜ್ಯೂರಿಗೆ ಬಂದು ಕೂರಬೇಕೆಂದು ಕೋರ್ಟಿನಿಂದ ಸಮನ್ಸ್ ಬಂದರೆ ಡೋರ್ವಿಲ್‌ನಲ್ಲಿ ಯಾರೂ ಸಂತೋಷಪಡುವುದಿಲ್ಲ. ಹಸು ಈಯುವ ಕಾಲ ಎನ್ನುತ್ತಾರೆ, ಸೊಂಟ ನೋವು ಎನ್ನುತ್ತಾರೆ, ಪಕ್ಕದ ಮನೆಯ ಪಿಸುಮಾತೂ ಕೇಳಿಸುವವರಿಗೆ ಇದ್ದಕ್ಕಿದ್ದಂತೆ ಕಿವುಡು ಬಂದುಬಿಡುತ್ತದೆ. ಆರ್ಡಿಸ್ ನೊವೊಟ್ನಿ ಮಾತ್ರ ಆ ಕಾಗದವನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿಕೊಂಡು ದಿನಕ್ಕೆ ನಾಲ್ಕು ಸಲ ಓದುತ್ತಿದ್ದಳು. ಅರವತ್ತೆಂಟರ ಹೆಂಗಸು, ಮದುವೆಯಾದವಳಲ್ಲ, ಊರಿನ ಶಾಲೆಯ ಅಡುಗೆಮನೆಯಲ್ಲಿ ಮೂವತ್ತೊಂದು ವರ್ಷ ಮಕ್ಕಳಿಗೆ ಬಡಿಸಿದವಳು. ಇನ್ನೊಬ್ಬರ ಜಗಳಕ್ಕೆ ನ್ಯಾಯ ಹೇಳುವ ಚಪಲ ಅವಳಿಗೆ ಎಂದೂ ಇರಲಿಲ್ಲ. ಆದರೆ ದಿನಸಿ ಅಂಗಡಿಯ ಗಲ್ಲಾದಲ್ಲಿ ಕೂರುವ ಬೆವ್ ಒಂದು ಮಾತು ಹೇಳಿದ್ದಳು.

"ನಿನಗೂ ಬಂತಾ ಸಮನ್ಸು? ನಿನ್ನ ತಂಗಿಗೂ ಬಂದಿದೆಯಂತೆ ಕಣೆ. ಅದೇ ದಿನ, ಅದೇ ನಾಲ್ಕನೇ ಗುಂಪು. ಅಲ್ಲೇನು ಮಾಡ್ತೀರೋ, ದೇವರೇ ಕಾಪಾಡಲಿ!"

ತಂಗಿ ಲೋರೀನ್. ಇಬ್ಬರ ಮನೆಗಳ ನಡುವೆ ಹನ್ನೊಂದು ಮೈಲಿ ದಾರಿ. ಮಾತು ನಿಂತು ಹತ್ತೊಂಬತ್ತು ವರ್ಷ. ಅಂಗಡಿಯಲ್ಲಿ ಎದುರಾದರೆ ಲೋರೀನ್ ತಳ್ಳುಗಾಡಿ ತಿರುಗಿಸಿಕೊಂಡು ಬೇರೆ ಸಾಲಿಗೆ ಹೋಗಿಬಿಡುತ್ತಿದ್ದಳು. ಬೇಕಾದ್ದು ಈ ಸಾಲಿನಲ್ಲೇ ಇದ್ದರೂ ಸರಿ, ಹೋಗುತ್ತಿದ್ದಳು. ಆರ್ಡಿಸ್ ಆ ಬೆನ್ನನ್ನೇ ನೋಡುತ್ತ ನಿಂತಿರುತ್ತಿದ್ದಳು. ತಂಗಿಯ ಕೂದಲು ಬೆಳ್ಳಗಾದದ್ದನ್ನೂ ಅವಳು ಹಿಂದಿನಿಂದಲೇ ಕಂಡದ್ದು.

ತಪ್ಪು ಯಾರದೆಂದು ಆರ್ಡಿಸ್‌ಗೆ ಗೊತ್ತಿತ್ತು. ಅದೇ ಕಷ್ಟ. ಕಣ್ಣು ಕಾಣದ ತಾಯಿಯನ್ನು ಹನ್ನೊಂದು ವರ್ಷ ನೋಡಿಕೊಂಡವಳು ಅವಳು. ಮೈ ತೊಳೆದಳು, ಉಣಿಸಿದಳು, ಕೈ ಹಿಡಿದು ನಡೆಸಿದಳು. ಒಂದು ಫೆಬ್ರವರಿ ಮಧ್ಯಾಹ್ನ ಹೊರಗೆ ಹಿಮಗಾಳಿ ಹುಯ್ಯುತ್ತಿರುವಾಗ, ಹಾಸಿಗೆಯಲ್ಲಿದ್ದ ಆ ಮುದುಕಿ, "ಲೋರೀನ್ ಬಂದ್ಲಾ?" ಎಂದು ಕೇಳಿತು. ಪಕ್ಕದಲ್ಲೇ ಕೂತವಳನ್ನಲ್ಲ, ಭಾನುವಾರಕ್ಕೊಮ್ಮೆ ಬಂದು ಹತ್ತು ನಿಮಿಷ ಕೂತು ನಗಿಸಿ ಹೋಗುವವಳನ್ನು! ಆರ್ಡಿಸ್‌ಗೆ ಹೊಟ್ಟೆ ಉರಿದುಹೋಯಿತು. ಫೋನು ಗೋಡೆಯ ಮೇಲೇ ಇತ್ತು, ಎದ್ದು ನಾಲ್ಕು ಹೆಜ್ಜೆ. ಇಂಥ ಗಾಳಿಯಲ್ಲಿ ಯಾರು ತಾನೇ ಬಂದಾರು ಎಂದು ತನಗೆ ತಾನೇ ಹೇಳಿಕೊಂಡು ಕೂತೇ ಇದ್ದಳು. ಸಂಜೆಯ ಹೊತ್ತಿಗೆ ತಾಯಿ ಇರಲಿಲ್ಲ.

ಮಣ್ಣು ಮಾಡಿದ ದಿನ, ಚರ್ಚಿನ ನೆಲಮಾಳಿಗೆಯಲ್ಲಿ ಊಟಕ್ಕೆ ಕೂತಾಗ ಲೋರೀನ್ ಕೇಳಿದಳು, "ಅಮ್ಮ ನನ್ನ ಕೇಳಿದ್ಲಾ?"

"ಇಲ್ಲ," ಎಂದಳು ಆರ್ಡಿಸ್. "ಯಾರನ್ನೂ ಕೇಳಲಿಲ್ಲ."

"ಒಂದು ಫೋನು ಮಾಡೋಕಾಗ್ಲಿಲ್ವಾ ನಿನಗೆ? ಹನ್ನೊಂದು ವರ್ಷ ಅಮ್ಮನ್ನ ನಿನ್ನ ಸ್ವತ್ತು ಮಾಡ್ಕೊಂಡಿದ್ದೆ. ಕೊನೇ ದಿನಾನೂ ನೀನೇ ಇಟ್ಕೊಂಡೆ. ಇಟ್ಕೋ!" ಎಂದು ತಟ್ಟೆ ಬಿಟ್ಟು ಎದ್ದವಳು ಮತ್ತೆ ಅಕ್ಕನ ಕಡೆ ತಿರುಗಿರಲಿಲ್ಲ.

ಈಗ ಈ ಸಮನ್ಸು. ಜ್ಯೂರಿಯಲ್ಲಿ ಹೆಸರು ಬಂತೆಂದರೆ ಎದ್ದು ಬೇರೆ ಸಾಲಿಗೆ ಹೋಗುವ ಹಾಗಿಲ್ಲ. ಕೂರಿಸಿದಲ್ಲಿ ಕೂರಬೇಕು, ಎರಡೋ ಮೂರೋ ದಿನ ಒಂದೇ ಮೇಜಿನ ಸುತ್ತ ಮಾತಾಡಬೇಕು. ಆರ್ಡಿಸ್‌ಗೆ ಬೇಕಾಗಿದ್ದದ್ದು ಅಷ್ಟೇ. ತಂಗಿ ತನ್ನ ಕಡೆ ಮುಖ ತಿರುಗಿಸಿ, "ಆ ಕಾಫಿ ಇತ್ತ ಕೊಡು" ಎಂದರೂ ಸಾಕಿತ್ತು.

ಹಿಂದಿನ ದಿನ ಐದು ಗಂಟೆಯ ಮೇಲೆ ಫೋನು ಮಾಡಿ ಕೇಳಬೇಕು, ನಿಮ್ಮ ಗುಂಪಿಗೆ ಕರೆ ಇದೆಯೋ ಇಲ್ಲವೋ ಎಂದು ಯಂತ್ರ ಹೇಳುತ್ತದೆ. ಊರವರೆಲ್ಲ ಕರೆ ಇಲ್ಲದಿರಲಪ್ಪಾ ಎಂದು ಬೇಡಿಕೊಂಡು ಫೋನು ಹಿಡಿಯುತ್ತಾರೆ. ನಾಲ್ಕನೇ ಗುಂಪು ಬೆಳಿಗ್ಗೆ ಎಂಟೂವರೆಗೆ ಎಂದು ಕೇಳಿದ್ದೇ ಆರ್ಡಿಸ್ ಹಿಟ್ಟು ಕಲಸಿದಳು. ಗಸಗಸೆ ಹೂರಣದ ಕೊಲಾಚೆ, ಲೋರೀನ್ ಚಿಕ್ಕಂದಿನಲ್ಲಿ ಹೂರಣವನ್ನಷ್ಟೇ ನೆಕ್ಕಿ ಬನ್ನನ್ನು ಅಕ್ಕನ ತಟ್ಟೆಗೆ ಹಾಕುತ್ತಿದ್ದಳಲ್ಲ, ಅದೇ.

ಕೋರ್ಟಿನ ಬಾಗಿಲಲ್ಲಿ ಯಂತ್ರ ಕೀಂಯ್ ಎಂದು ಕೂಗಿತು. ಕಾವಲಿನ ಡ್ವೇನ್ ತಟ್ಟೆಯ ಮೇಲಿನ ಬಟ್ಟೆ ಸರಿಸಿ ನೋಡಿದ.

"ಮಿಸ್ ನೊವೊಟ್ನಿ, ಚಾಕು ತಂದಿದೀರಲ್ಲ!"

"ಮತ್ತೆ ಇದನ್ನ ಹಲ್ಲಲ್ಲಿ ಹರಿದು ಹಂಚಲೇನೋ? ಎರಡನೇ ಕ್ಲಾಸಲ್ಲಿ ಬಟಾಣಿ ತಿನ್ನದೆ ಜೇಬಿಗೆ ತುಂಬ್ಕೊಂಡೋನು ನೀನು. ನನ್ನನ್ನೇ ತಪಾಸಣೆ ಮಾಡ್ತೀಯಾ?"

ಡ್ವೇನ್ ಕೆಂಪಗಾದ. ಚಾಕುವನ್ನು ತೆಗೆದಿಟ್ಟುಕೊಂಡು, ಕೊಲಾಚೆಯನ್ನು ಮಾತ್ರ ಒಳಗೆ ಬಿಟ್ಟ.

ಕಾಯುವ ಕೋಣೆಯಲ್ಲಿ ನಲವತ್ತು ಜನ. ಲೋರೀನ್ ಕಿಟಕಿಯ ಹತ್ತಿರ ಹೆಣೆಯುತ್ತ ಕೂತಿದ್ದಳು. ಅಕ್ಕ ಬಂದದ್ದು ಗೊತ್ತಾಗಿ ಉಲನ್ನಿನ ಕಡೆ ಇನ್ನಷ್ಟು ಬಗ್ಗಿದಳು. ಕೊಲಾಚೆಯ ತಟ್ಟೆ ಕೈಯಿಂದ ಕೈಗೆ ಹೋಯಿತು. ಕಿಟಕಿಯ ಬಳಿ ಹೋದಾಗ ನಿಲ್ಲದೆ ಮುಂದಕ್ಕೆ ದಾಟಿತು. ಆರ್ಡಿಸ್ ನೋಡಿಯೂ ನೋಡದವಳ ಹಾಗೆ ಗೋಡೆಯ ಗಡಿಯಾರ ನೋಡಿದಳು.

ಆಮೇಲೆ ಎಲ್ಲರನ್ನೂ ಕೋರ್ಟಿನೊಳಗೆ ಕರೆದರು. ಬಲಗೈ ಎತ್ತಿ, ಕೇಳಿದ್ದಕ್ಕೆಲ್ಲ ನಿಜವನ್ನೇ ಹೇಳುತ್ತೇವೆಂದು ಪ್ರಮಾಣ ಮಾಡಿದ್ದಾಯಿತು. ಒಬ್ಬನ ಕರುಗಳು ಇನ್ನೊಬ್ಬನ ಕೊಟ್ಟಿಗೆಯಲ್ಲಿ ಸಿಕ್ಕ ಕೇಸು. ಜ್ಯೂರಿಯ ಹನ್ನೆರಡು ಕುರ್ಚಿಗೆ ಡಬ್ಬಿಯಿಂದ ಹೆಸರಿನ ಚೀಟಿ ಎತ್ತುತ್ತ ಹೋದರು. ಐದನೇ ಕುರ್ಚಿಗೆ ಆರ್ಡಿಸ್ ನೊವೊಟ್ನಿ. ಆರನೇ ಕುರ್ಚಿಗೆ ಲೋರೀನ್ ಶ್ಮಿಟ್.

ತಂಗಿ ಬಂದು ಕೂತಳು. ಮೊಣಕೈಗೂ ಮೊಣಕೈಗೂ ನಡುವೆ ಒಂದು ಗೇಣೂ ಇಲ್ಲ. ಅದೇ ಲ್ಯಾವೆಂಡರ್ ಸೋಪಿನ ವಾಸನೆ, ಅಮ್ಮ ಬೀರುವಿನಲ್ಲಿ ಬಟ್ಟೆಗಳ ನಡುವೆ ಇಡುತ್ತಿದ್ದದ್ದು.

ಜಡ್ಜಮ್ಮ ಕೇಳಿದರು, "ನಿಮ್ಮಲ್ಲಿ ಒಬ್ಬರನ್ನೊಬ್ಬರು ಬಲ್ಲವರು ಯಾರು?" ಹನ್ನೆರಡು ಕೈ ಎದ್ದವು. ಅವರು ಕನ್ನಡಕ ತೆಗೆದು ಮೂಗು ಒತ್ತಿಕೊಂಡರು. "ಈ ಊರಲ್ಲಿ ಹಾಗೆ ಕೇಳಿದ್ದು ನಂದೇ ತಪ್ಪು. ರಕ್ತ ಸಂಬಂಧ ಇರೋರು?" ಎರಡೇ ಕೈ ಉಳಿದವು.

"ಐದನೇ ನಂಬರ್, ಇವರು ನಿಮಗೆ ಏನಾಗಬೇಕು?"

"ತಂಗಿ."

"ಒಳಗೆ ಹನ್ನೆರಡು ಜನ ಕೂತು ಚರ್ಚೆ ಮಾಡ್ಬೇಕು. ಇವರು ಏನಾದ್ರೂ ಹೇಳಿದ್ರೆ ಸಮಾಧಾನವಾಗಿ ಕೇಳಿಸ್ಕೋತೀರಾ?"

"ಹತ್ತೊಂಬತ್ತು ವರ್ಷದಿಂದ ಕಾಯ್ತಾ ಇದೀನಿ, ಮೇಡಂ."

ಯಾರೋ ಕಿಸಕ್ಕೆಂದರು. ಲೋರೀನ್ ನಗಲಿಲ್ಲ.

"ಆರನೇ ನಂಬರ್, ನೀವು? ನಿಮ್ಮಕ್ಕ ಹೇಳೋ ಮಾತನ್ನ ಒಪ್ಪದಿದ್ರೂ ಪರವಾಗಿಲ್ಲ, ನಂಬ್ತೀರಾ?"

"ಇಲ್ಲ," ಎಂದಳು ಲೋರೀನ್. "ಜೀವಮಾನದಲ್ಲಿ ಒಂದೇ ಒಂದು ಪ್ರಶ್ನೆ ಮನಸಾರೆ ಕೇಳಿದ್ದೆ ಇವಳನ್ನ. ಇವಳು ಕೊಟ್ಟ ಉತ್ತರ ಸುಳ್ಳು ಅಂತ ನನಗೆ ಇವತ್ತಿಗೂ ಅನ್ಸುತ್ತೆ."

ಜಡ್ಜಮ್ಮ ದನಿ ತಗ್ಗಿಸಿದರು. "ಐದನೇ ನಂಬರ್, ಬೇಕಾದ್ರೆ ಹತ್ತಿರ ಬಂದು ನನಗೊಬ್ಬಳಿಗೇ ಹೇಳಬಹುದು."

ಇಲ್ಲ, ಅವಳ ಲೆಕ್ಕ ತಪ್ಪಿದೆ ಎಂದುಬಿಟ್ಟಿದ್ದರೆ ಬಹುಶಃ ಅಲ್ಲೇ ಕೂತಿರಬಹುದಿತ್ತು. ಆ ಸೋಪಿನ ವಾಸನೆ, ಆ ಮೊಣಕೈ, ಮೂರು ದಿನ. ಆರ್ಡಿಸ್‌ಗೆ ಅದು ಬೇಕಿತ್ತು, ಹಸಿದವರಿಗೆ ಅನ್ನ ಬೇಕಾದಂತೆ ಬೇಕಿತ್ತು. ಆದರೆ ನಿಜವನ್ನೇ ಹೇಳುತ್ತೇನೆಂದು ಆಗತಾನೇ ಕೈ ಎತ್ತಿದ್ದಳು.

"ಎಲ್ಲರ ಮುಂದೇನೇ ಹೇಳ್ತೀನಿ. ಅವಳಿಗೆ ಅನ್ಸಿದ್ದು ಸರಿ. ಅಮ್ಮ ಸಾಯೋವಾಗ ಇವಳನ್ನ ಕೇಳಿದ್ಲು. ಎರಡು ಸಲ ಕೇಳಿದ್ಲು. ಕೇಳಲಿಲ್ಲ ಅಂತ ನಾನು ಇವಳಿಗೆ ಸುಳ್ಳು ಹೇಳಿದೆ. ಫೋನೂ ಮಾಡಲಿಲ್ಲ. ಹೊಟ್ಟೆಕಿಚ್ಚು, ಅಷ್ಟೇ."

ಆರ್ಡಿಸ್ ಪಕ್ಕಕ್ಕೆ ತಿರುಗಿ ನೋಡುವ ಧೈರ್ಯ ಮಾಡಲಿಲ್ಲ. ಜಡ್ಜಮ್ಮ, "ಐದನೇ ನಂಬರ್, ಕೋರ್ಟು ನಿಮಗೆ ಕೃತಜ್ಞ. ನೀವು ಮನೆಗೆ ಹೋಗಬಹುದು," ಎಂದರು. ಆರನೇ ನಂಬರಿಗೆ ಇರಲು ಆಗುತ್ತದೆಯೇ ಎಂದು ಕೇಳಿದಾಗ, "ಕರುಗಳ ವಿಷಯ ತಾನೇ, ಕೇಳ್ತೀನಿ," ಎಂದಳು ಲೋರೀನ್.

ಹಾಗೆ ಕಾದು ಕಾದು ಸಿಕ್ಕ ಕುರ್ಚಿ ಕಾಲು ಗಂಟೆಯಲ್ಲಿ ಹೋಯಿತು. ಡ್ವೇನ್ ಚಾಕು ಹಿಂದಕ್ಕೆ ಕೊಟ್ಟ. ಆರ್ಡಿಸ್ ಅದನ್ನು ಕಾರಿನಲ್ಲಿಟ್ಟು, ಉಳಿದ ನಾಲ್ಕು ಕೊಲಾಚೆಯ ತಟ್ಟೆ ಹಿಡಿದು ಕೋರ್ಟಿನ ಮುಂದಿನ ಕಲ್ಲುಬೆಂಚಿನ ಮೇಲೆ ಕೂತಳು. ಮನೆಗೆ ಹೋಗಿ ಮಾಡುವುದಾದರೂ ಏನಿತ್ತು?

ಹನ್ನೆರಡು ಗಂಟೆಗೆ ಜ್ಯೂರಿಯವರು ಎದೆಯ ಮೇಲೆ ಕೆಂಪು ಬಿಲ್ಲೆ ಹಾಕಿಕೊಂಡು ಊಟಕ್ಕೆ ಹೊರಬಂದರು. ಲೋರೀನ್ ಎಲ್ಲರಿಗಿಂತ ಹಿಂದೆ ಬಂದಳು. ಬೆಂಚಿನ ಹತ್ತಿರ ಬಂದು ನಿಂತಳು.

"ಕೇಸಿನ ವಿಷಯ ಯಾರ ಹತ್ರಾನೂ ಮಾತಾಡೋ ಹಾಗಿಲ್ಲ," ಎಂದಳು.

"ನಾನು ಕೇಳಿದ್ನಾ?"

ಲೋರೀನ್ ಬೆಂಚಿನ ಆ ತುದಿಗೆ ಕೂತಳು. ಆರ್ಡಿಸ್ ತಟ್ಟೆಯನ್ನು ಇಬ್ಬರ ನಡುವೆ ಇಟ್ಟಳು. ಲೋರೀನ್ ಕೇಳಿದಳು, "ನಿಜವಾಗ್ಲೂ ಎರಡು ಸಲ ಕೇಳಿದ್ಲಾ?"

"ಮೂರು."

"ಪ್ರಮಾಣ ಮಾಡಿ ಎರಡು ಅಂದ್ಯಲ್ಲೇ, ಆರ್ಡಿ!"

ಆರ್ಡಿ. ಆ ಹೆಸರಿನಿಂದ ಕರೆಯುವವರು ಭೂಮಿಯ ಮೇಲೆ ಈಗ ಒಬ್ಬಳೇ.

"ಮೂರನೇದನ್ನ ಅಷ್ಟು ಜನರ ಮುಂದೆ ಹೇಳೋಕಾಗ್ಲಿಲ್ಲ ಕಣೆ. ಮೂರನೇ ಸಲ ಕೇಳಿದಾಗ ಅವಳ ದನೀನೇ ಇರಲಿಲ್ಲ. ನಾನು 'ಬಂದೆ ಅಮ್ಮಾ, ಲೋರೀನ್ ಬಂದೆ' ಅಂದೆ. ನಿನ್ನ ಹಾಗೇ ಅಂದೆ. ಅವಳಿಗೆ ಕಣ್ಣು ಕಾಣ್ತಿರಲಿಲ್ಲವಲ್ಲ. ಕೈ ಹುಡುಕಿ ಹಿಡ್ಕೊಂಡ್ಲು. 'ಚಳೀಲಿ ಬಂದ್ಯಾ ಮಗಾ' ಅಂದ್ಲು. ಅಷ್ಟೇ, ಹೋದ್ಲು. ನೀನು ಬಂದಿದೀಯ ಅಂದ್ಕೊಂಡೇ ಹೋದ್ಲು. ಅವಳ ಪಾಲಿಗೆ ಅಲ್ಲಿ ಇಲ್ಲದೆ ಇದ್ದೋಳು ನಾನು, ಲೋರೀನ್."

ಲೋರೀನ್ ತಟ್ಟೆಯನ್ನು ನಡುವಿನಿಂದ ಎತ್ತಿ ಆಚೆ ಇಟ್ಟಳು.

"ಯಾವ ಕೈ ಹಿಡ್ಕೊಂಡಿದ್ಲು?" ಎಂದು ಕೇಳಿದಳು.

ಆರ್ಡಿಸ್ ಬಲಗೈ ಚಾಚಿದಳು. ಲೋರೀನ್ ಅದನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದು ಮಡಿಲಲ್ಲಿಟ್ಟುಕೊಂಡಳು. ಒಂದು ಗಂಟೆಗೆ ಡ್ವೇನ್ ಬಂದು ಆರನೇ ನಂಬರನ್ನು ಎರಡು ಸಲ ಕರೆಯುವವರೆಗೂ ಬಿಡಲಿಲ್ಲ.