ಗೋಡೆಯ ಮೇಲೆ ಮೂರನೆಯ ಉತ್ತರ

ಬಿಬವೇವಾಡಿಯ ನಮ್ಮ ಫ್ಲ್ಯಾಟಿನ ಹಾಲಿನಲ್ಲಿ ವರ್ಷಗಟ್ಟಲೆ ಗಣಿತದ ಟ್ಯೂಷನ್ ಹೇಳಿದವಳು ನಾನು. ಕೊಂಢವಾ ಬಡಾವಣೆಯ ದೊಡ್ಡ ಮರಾಠಿ ಶಾಲೆಯೊಂದು ಶಿಕ್ಷಕಿಯ ಕೆಲಸಕ್ಕೆಂದು ಡೆಮೊ ಪಾಠಕ್ಕೆ ಕರೆದಾಗ ಕಾಲು ನೆಲದ ಮೇಲೆ ನಿಲ್ಲಲೇ ಇಲ್ಲ. ಆ ಕೆಲಸ ನನಗೆ ಬೇಕೇ ಬೇಕಿತ್ತು. ದಿನಾ ಸೋಫಾ ಸರಿಸಿ ಚಾಪೆ ಹಾಸಿ ಸಾಕಾಗಿತ್ತು. ನಾಲ್ಕು ಗೋಡೆಯ ನಿಜವಾದ ತರಗತಿ ನನ್ನದಾಗಬೇಕಿತ್ತು. ತೊಡಕು ಒಂದೇ. ಅಲ್ಲಿ ಸಮೀಕರಣ ಬಿಡಿಸುವುದು ಗ್ರಾಫಿಂಗ್ ಕ್ಯಾಲ್ಕುಲೇಟರ್‌ನಲ್ಲಿ. ಸಮೀಕರಣದ ಎರಡು ಬದಿಗಳನ್ನು ಒತ್ತಿದರೆ ಅದು ಎರಡು ಗೆರೆ ಎಳೆಯುತ್ತದೆ. ಅವು ಕೂಡುವಲ್ಲಿ ಉತ್ತರ. ಬಣ್ಣದ ಪರದೆಯದನ್ನೇ ಕೊಂಡು ತಂದೆ. ಕೆಂಪು ಗೆರೆ, ನೀಲಿ ಗೆರೆ ಎಳೆಯುತ್ತ ಕುಳಿತು ಒಲೆಯ ಮೇಲಿನ ಬೇಳೆ ಹೊತ್ತಿಸಿದೆ.

ಅಷ್ಟರಲ್ಲಿ ಖಂಡೇನವಮಿ ಬಂತು. ದುಡಿಯುವ ಸಾಮಾನೆಲ್ಲ ಅಂದು ದೇವರ ಮುಂದೆ ಕೂರಬೇಕು. ಈಳಿಗೆ, ಮಿಕ್ಸರ್, ಸ್ಕೂಟರಿನ ಕೀಲಿಯ ಸಾಲಿನಲ್ಲಿ ಅತ್ತೆ ನನ್ನ ಕ್ಯಾಲ್ಕುಲೇಟರನ್ನೂ ಇಟ್ಟು, ಪರದೆಯ ನಟ್ಟನಡುವೆ ಕುಂಕುಮ ಹಚ್ಚಿದರು.

“ಅಯ್ಯ, ಅಲ್ಲಿ ಬ್ಯಾಡ್ರಿ! ಬೆನ್ನಿಗೆ ಹಚ್ರಿ,” ಎಂದೆ.

“ಬೆನ್ನಿಗೆ ಯಾರರ ಕುಂಕುಮ ಹಚ್ತಾರೇನವಾ? ಮಾರಿ ಇಲ್ಲೇ ಅದಲ್ಲ!” ಪರದೆಯೇ ಅದರ ಮುಖವೆಂದು ಅತ್ತೆ ಬೊಟ್ಟು ಮಾಡಿದರು.

ದಸರೆ ಮುಗಿಯುವವರೆಗೆ ಪೂಜೆಗಿಟ್ಟದ್ದನ್ನು ಮುಟ್ಟುವಂತಿಲ್ಲ. ಮುಗಿದ ಮರುದಿನ ಬೆಳಿಗ್ಗೆಯೇ ಡೆಮೊ. ಅವಸರದಲ್ಲಿ ಸೆರಗಿನಿಂದ ಒರೆಸಿ, ಚೀಲಕ್ಕೆ ತುರುಕಿ ಓಡಿದೆ.

ತರಗತಿಯಲ್ಲಿ ಮೇಜಿನ ಮೇಲಿನ ಕ್ಯಾಮೆರಾ ನನ್ನ ಪುಟ್ಟ ಪರದೆಯನ್ನು ಗೋಡೆಯಷ್ಟು ದೊಡ್ಡದು ಮಾಡಿ ತೋರಿಸಿತು. ನಾನೇ ಸಿನಿಮಾ ತೆಗೆದಷ್ಟು ಹಿಗ್ಗು! ಕೆಂಪು ಗೆರೆ ಬಾಗಿ ಮೇಲಕ್ಕೇರಿತು, ನೀಲಿ ಗೆರೆ ನೇರವಾಗಿ ಓಡಿತು. ಒಂದು ಕಡೆ ಕೂಡಿದವು, ಇನ್ನೊಂದು ಕಡೆ ಕೂಡಿದವು, ನಡುವೆ ಮತ್ತೂ ಒಂದು ಕೆಂಪು ಚುಕ್ಕೆಯಲ್ಲಿ ತಾಗಿದಂತೆ ಕಂಡವು.

“ನೋಡಿ, ಮೂರು ಉತ್ತರ!” ಎಂದು ಮರಾಠಿಯಲ್ಲಿ ಕೂಗಿಯೇಬಿಟ್ಟೆ.

ಮುಂದಿನ ಬೆಂಚಿನ ಹುಡುಗಿ ತನ್ನ ಕ್ಯಾಲ್ಕುಲೇಟರ್ ಎತ್ತಿ ಹಿಡಿದಳು. ಅವಳದರಲ್ಲಿ ಎರಡೇ ಬಂದಿದ್ದವು. “ಹತ್ತಿರದಿಂದ ನೋಡಬೇಕಮ್ಮ,” ಎಂದು ಜಂಬದಿಂದ ಚಿತ್ರ ಹಿಗ್ಗಿಸಿದೆ. ಗೆರೆಗಳು ದೂರ ಸರಿದವು. ಚುಕ್ಕೆ ಇದ್ದಷ್ಟೇ ಇತ್ತು. ಬಲಕ್ಕೆ ಸರಿಸಿದೆ. ಗೆರೆಗಳು ಹೋದವು, ಚುಕ್ಕೆ ಕದಲಲಿಲ್ಲ. ಬೆರಳಿನಿಂದ ತಿಕ್ಕಿದೆ. ಬೆರಳು ಕೆಂಪಾಯಿತು.

ಕೆಲಸ ಹೋಯಿತು ಎಂದುಕೊಂಡೆ. ಆದರೆ ಅದಕ್ಕೂ ಮೊದಲೇ ನಗು ಒತ್ತರಿಸಿ ಬಂದಿತ್ತು. ಬೆರಳು ಎತ್ತಿ ತೋರಿಸಿ, “ಇದು ಪೂಜೆಯ ಕುಂಕುಮ, ನಮ್ಮ ಅತ್ತೆಯವರ ಉತ್ತರ,” ಎಂದೆ. ತರಗತಿಯೇ ಬಿದ್ದು ಬಿದ್ದು ನಕ್ಕಿತು. ನಗು ನಿಲ್ಲುವ ಮೊದಲೇ ಕೇಳಿದೆ: “ಸುಳ್ಳು ಉತ್ತರವನ್ನು ಹಿಡಿಯುವುದು ಹೇಗೆ?” ಒಬ್ಬ ಚಿತ್ರ ಸರಿಸಿ ನೋಡೋಣ ಎಂದ, ಆ ಹುಡುಗಿ ಉತ್ತರವನ್ನು ಸಮೀಕರಣಕ್ಕೇ ಹಾಕಿ ನೋಡೋಣ ಎಂದಳು, ಆಮೇಲೆ ಎಲ್ಲರೂ ಒಟ್ಟಿಗೇ ಕೂಗತೊಡಗಿದರು. ಹಿಂದೆ ಕುಳಿತಿದ್ದ ಪ್ರಿನ್ಸಿಪಾಲರು ಕಣ್ಣೊರೆಸಿಕೊಳ್ಳುತ್ತ ಎದ್ದು, ಸೋಮವಾರದಿಂದ ಬನ್ನಿ ಎಂದರು.

ಮನೆಯ ಬಾಗಿಲಲ್ಲೇ ಅತ್ತೆ ನಿಂತಿದ್ದರು. “ಏನಾತವಾ?”

“ಸಿಕ್ತ್ರಿ!”

“ನಾ ಹಚ್ಚಿದ ಕುಂಕುಮದ ಗುಣ ಅದು,” ಎನ್ನುತ್ತ ಅವರು ಕುಂಕುಮದ ಬಟ್ಟಲು ತರಲು ಒಳಗೆ ಹೋದರು. ಅವರು ಹೊರಬರುತ್ತಲೇ ನಾನು ಚೀಲದಿಂದ ಕ್ಯಾಲ್ಕುಲೇಟರ್ ತೆಗೆದು, ಪರದೆಯನ್ನು ಅವರ ಕಡೆ ಮಾಡಿ ಹಿಡಿದೆ.

“ತಗೋರಿ, ಮಾರಿಗೇ ಹಚ್ರಿ.”