‘ಹೇಳೇ ಇಲ್ಲಲ್ರಿ!’

ಕಳೆದ ವಾರ ನನ್ನದೇ ಮನೆಯ ಸೋಫಾದಲ್ಲಿ ಕುಳಿತು ಒಂದು ಸುಳ್ಳು ಹೇಳುವುದರಲ್ಲಿದ್ದೆ. ಅದೂ ಸರ್ಕಾರಕ್ಕೆ!

ಗಚ್ಚಿಬೌಲಿಯ ನಮ್ಮ ಅಪಾರ್ಟ್‌ಮೆಂಟಿಗೆ ಗಣತಿಗೆಂದು ಒಬ್ಬ ಟೀಚರ್ ಬಂದಿದ್ದರು. ಪಕ್ಕದ ಫ್ಲ್ಯಾಟಿನ ಶಾರದಕ್ಕ ದಿನದಂತೆ ಚಹಾಕ್ಕೆ ಬಂದು ಕುಳಿತಿದ್ದರು. ವಿಜಯಪುರದವರು. ಒಂಬತ್ತು ವರ್ಷಗಳಿಂದ ಈ ಊರಲ್ಲಿ ನಾನು ಕನ್ನಡ ಮಾತಾಡುವುದು ಅವರೊಬ್ಬರ ಜೊತೆ.

ಹೆಸರು, ವಯಸ್ಸು, ಮನೆಯಲ್ಲಿ ಎಷ್ಟು ಜನ (ಒಬ್ಬಳೇ) ಎಲ್ಲ ಸಲೀಸಾಗಿ ಮುಗಿಯಿತು.

‘ಜಾತಿ, ಮೇಡಂ?’ ಟೀಚರ್ ತೆಲುಗಿನಲ್ಲಿ ಕೇಳಿದರು.

ಶಾರದಕ್ಕ ತಲೆ ಎತ್ತಿದರು. ಅವರು ಎಂದೂ ಕೇಳಿದವರಲ್ಲ. ನಾನೂ ತಮ್ಮ ಪೈಕಿಯೇ ಎಂದುಕೊಂಡಿದ್ದರು. ನಾನು ತಿದ್ದಿರಲಿಲ್ಲ. ಏಕೆ? ಚಹಾಕ್ಕೆ ಸಿಕ್ಕ ಈ ಒಬ್ಬ ಜೊತೆಗಾತಿಯೂ ತಪ್ಪಿಯಾಳೆಂಬ ಭಯ, ಅಷ್ಟೇ.

ಆಗ ಅವ್ವ ನೆನಪಾದಳು. ಯಾದಗಿರಿ ಕಡೆಯ ತಾಂಡಾದವಳು. ಕನ್ನಡಿ ಕೂರಿಸಿದ ಲಂಗ ತೊಟ್ಟೇ ಕಾಚಿಗೂಡದಲ್ಲಿ ರೈಲು ಇಳಿಯುತ್ತಿದ್ದಳು. ಒಮ್ಮೆ, ಶಾರದಕ್ಕ ನೋಡಿಯಾರೆಂದು, ಸ್ಟೇಷನ್ನಿನಲ್ಲೇ ಅವಳಿಗೆ ನನ್ನ ಸೀರೆ ಉಡಿಸಿದೆ. ಅವ್ವ ತನ್ನ ಲಂಗ ಮಡಿಚಿ ಚೀಲದಲ್ಲಿಟ್ಟುಕೊಂಡಳು. ಆಮೇಲೆ ಮತ್ತೆಂದೂ ಬರಲಿಲ್ಲ.

‘ಲಂಬಾಣಿ’ ಎಂದೆ.

(ಕರ್ನಾಟಕದಲ್ಲಿ ನಾವು ಪರಿಶಿಷ್ಟ ಜಾತಿ, ತೆಲಂಗಾಣದಲ್ಲಿ ಪರಿಶಿಷ್ಟ ಪಂಗಡ. ರೈಲಿನಲ್ಲಿರುವಾಗ ಏನೋ, ಗೊತ್ತಿಲ್ಲ.)

‘ಹೌದಾ? ಇಷ್ಟ್ ವರ್ಷ ಹೇಳೇ ಇಲ್ಲಲ್ರಿ!’ ಎಂದರು ಶಾರದಕ್ಕ.

‘ತಪ್ಪಾತ್ರಿ ಅಕ್ಕಾರ.’

‘ಅಯ್ಯ, ಅದರಾಗೇನೈತಿ ಬಿಡ್ರಿ...’ ಎನ್ನುತ್ತಲೇ ಎದ್ದರು. ‘ಕುಕ್ಕರ್ ಇಟ್ಟು ಬಂದೀನಿ.’

ಕಪ್ಪಿನಲ್ಲಿ ಅರ್ಧ ಚಹಾ ಉಳಿದಿತ್ತು. ಆ ದಿನದಿಂದ ಅವರು ಬಂದಿಲ್ಲ. ಲಿಫ್ಟಿನಲ್ಲಿ ಸಿಕ್ಕರೆ ನಗುತ್ತಾರೆ. ಅವರಿಗೆ ನೋವಾದದ್ದು ನನ್ನ ಜಾತಿಯಿಂದಲೋ, ಒಂಬತ್ತು ವರ್ಷದ ನನ್ನ ಮೌನದಿಂದಲೋ? ಕೇಳುವ ಧೈರ್ಯ ನನಗಿಲ್ಲ.

ಅಂದು ಶಾರದಕ್ಕ ಎದ್ದು ಹೋದ ಮೇಲೆ ಟೀಚರ್ ಮುಂದುವರಿದರು. ‘ಮಾತೃಭಾಷೆ ಕನ್ನಡ ಅಂತ ಹಾಕಲಾ?’

‘ಬೇಡ. ಲಂಬಾಣಿ ಅಂತಲೇ ಹಾಕಿ.’

‘ಇಲ್ಲಿ ಅದನ್ನ ಯಾರ ಜೊತೆ ಮಾತಾಡ್ತೀರಿ?’ ಅದು ಫಾರಂನ ಪ್ರಶ್ನೆಯಲ್ಲ. ಸುಮ್ಮನೆ ಕೇಳಿದ್ದು.

‘ಅವ್ವನ ಜೊತೆ, ಫೋನಿನಲ್ಲಿ. ಹೋದ ವರ್ಷ ತೀರಿಕೊಂಡಳು.’

ಟೀಚರ್ ‘ಲಂಬಾಣಿ’ ಎಂದೇ ಬರೆದುಕೊಂಡರು.

ಅವರು ಹೋದ ಮೇಲೆ ಬಾಗಿಲು ಹಾಕಿದೆ. ‘ಊಟ ಆಯ್ತಾ?’ ಎಂದು ನಮ್ಮ ಭಾಷೆಯಲ್ಲಿ, ಖಾಲಿ ಹಾಲ್‌ನಲ್ಲಿ ನಿಂತು, ಜೋರಾಗಿಯೇ ಕೇಳಿದೆ. ಅಷ್ಟಕ್ಕೇ ನಾಲಿಗೆ ತಡವರಿಸಿತು.

ಒಂದು ಭಾಷೆ ಆಡುವವರು ಎಷ್ಟು ಜನರೆಂದು ಸರ್ಕಾರ ಎಣಿಸುತ್ತದೆ, ಸರಿ. ಕೇಳಿಸಿಕೊಳ್ಳುವವರನ್ನು ಯಾರು ಎಣಿಸುತ್ತಾರೆ?