ಸೀನು ಬಾರದ ಹಿನಾ

ನಾನು ಅತ್ತರಿನ ವ್ಯಾಪಾರಿಯ ಮಗಳು. ಆದರೆ ಅಪ್ಪನ ಹಿನಾ ಅತ್ತರು ಮೂಗಿಗೆ ಬಡಿದರೆ ಸಾಕು, ನನಗೆ ಸೀನು. ವಿಜಾಪುರದ ಜೋರಾಪುರ ಪೇಟೆಯಲ್ಲಿ ನಮ್ಮ ಅಂಗಡಿ, ಅದರ ಮೇಲೆ ಮನೆ. ಅಪ್ಪನ ಹಿನಾ ಎಂದರೆ ಹುಡುಗಾಟವಲ್ಲ. ಮದುವೆಯಲ್ಲಿ ಸವರಿಸಿಕೊಂಡವರು ಅಂಗಿ ಒಗೆದು ಒಗೆದು ಸೋತರೂ ಅದು ಜಾಗ ಬಿಡುತ್ತಿರಲಿಲ್ಲ. ಯಾರಾದರೂ ಹಾಗೆಂದು ದೂರಿದರೆ ಅಪ್ಪ ಹೊಗಳಿಕೆಯೆಂದೇ ತಿಳಿದು ಮೀಸೆ ತಿರುವುತ್ತಿದ್ದ.

ಗಂಡಿನ ಕಡೆಯವರು ನೋಡಲು ಬಂದರೆ ಹುಡುಗಿಯ ಕಿವಿಯ ಹಿಂದೆ ಹಿನಾ ಹಚ್ಚುವುದು ನಮ್ಮ ಮನೆಯ ಪದ್ಧತಿ. ಬಬಲೇಶ್ವರದವರು ಬಂದಾಗಲೂ ಹಚ್ಚಿದರು. ಒಪ್ಪಿಗೆ ಹೇಳಲು ಅವರ ಹಿರಿಯರು ಬಾಯಿ ತೆರೆಯುವುದಕ್ಕೂ ನಾನು ಸೀನುವುದಕ್ಕೂ ಸರಿಹೋಯಿತು. ಒಂಟಿ ಸೀನು ಅಪಶಕುನ, ಜೋಡಿ ಸೀನಾದರೆ ಶುಭ ಎಂಬುದು ನಮ್ಮ ಕಡೆ ಸಣ್ಣ ಮಕ್ಕಳಿಗೂ ಗೊತ್ತು. ಇನ್ನೊಂದು ಬರಲೆಂದು ಅವ್ವ ನನ್ನ ಮುಖವನ್ನೇ ನೋಡಿದಳು. ಬರಲಿಲ್ಲ. ಅವರು ಚಹಾ ಅರ್ಧಕ್ಕೇ ಬಿಟ್ಟು ಎದ್ದರು.

ಅದಕ್ಕೆ ನನಗೇನೂ ಬೇಸರವಾಗಲಿಲ್ಲ. ಆದರೆ ಮುಂದಿನ ವಾರ ಬರುವವನು ತಿಕೋಟಾದವನು! ಕಾಲೇಜಿನಲ್ಲಿ ನನಗಿಂತ ಮುಂದಿನ ವರ್ಷದಲ್ಲಿದ್ದ. ಎಪ್ಪತ್ತರ ದಶಕದ ಆ ಅಗಲ ಬೆಲ್‌ಬಾಟಂ ಸೈಕಲ್ ಚೈನಿಗೆ ಸಿಕ್ಕು, ಗೇಟಿನ ಮುಂದೆ ದೊಪ್ಪನೆ ಬಿದ್ದು, ಬಿದ್ದಲ್ಲಿಂದಲೇ ನನ್ನನ್ನು ನೋಡಿ ನಕ್ಕಿದ್ದ. ಆ ನಗೆಗೆ ನಾನು ಆಗಲೇ ಸೋತಿದ್ದೆ. ಇವನೆದುರು ಸೀನಿದರೆ ನನ್ನ ಕಥೆ ಮುಗಿದಂತೆ.

"ಅಪ್ಪಾ, ಈ ಸಲ ಹಿನಾ ಬ್ಯಾಡ," ಅಂದೆ.

"ಅತ್ತರದವನ ಮಗಳು ಬರೇ ಪೌಡರ್ ಹಚ್ಕೊಂಡು ಕುಂಡ್ರೂದೇನ? ಮಂದಿ ನಗ್ತಾರ."

"ಹಂಗಾರ ಹಗೂರಂದು ಮಾಡಿಕೊಡಪಾ."

"ಹಗೂರ ಹಿನಾ? ಖಾರ ಇಲ್ಲದ ಮಸಾಲಿ ಖಾರ ಕೇಳಾಕತ್ತಿಯಲ್ಲ ಯವ್ವಾ!"

ಬೈದ, ಆದರೆ ಮರುದಿನವೇ ಗಂಧದೆಣ್ಣೆಯ ಬಾಟಲಿ ಕೆಳಗಿಳಿಸಿದ. ಅದಕ್ಕೆ ಮಲ್ಲಿಗೆಯ ಅತ್ತರು, ಒಂದಿಷ್ಟು ಲಾವಂಚ, ಹಿನಾ ಮಾತ್ರ ಕಡ್ಡಿಯ ತುದಿಯಷ್ಟು. ಅವನು ನನ್ನ ಮೂಗಿನ ಕೆಳಗೆ ಹಿಡಿಯುವುದು, ನಾನು ಸೀನುವುದು, ಅವನು ಗೊಣಗುತ್ತ ಮತ್ತೆ ಬೆರೆಸುವುದು. ನಕ್ಕು ನಕ್ಕು ಅವ್ವನ ಹೊಟ್ಟೆ ಹುಣ್ಣಾಯಿತು. ಕೊನೆಗೊಂದು ಮಧ್ಯಾಹ್ನ ಹಿಡಿದಾಗ ಸೀನು ಬರಲಿಲ್ಲ. ಮೊದಲು ಮಲ್ಲಿಗೆ, ಆಮೇಲೆ ಎಲ್ಲೋ ಹಿತ್ತಲಲ್ಲಿ ಯಾರೋ ಮದರಂಗಿ ಅರೆಯುತ್ತಿದ್ದಾರೆ ಎನ್ನುವಷ್ಟು ಹಿನಾ. ಅಪ್ಪ ತಾನೂ ಮೂಸಿದ. ಮತ್ತೊಮ್ಮೆ ಮೂಸಿದ. "ಅಡ್ಡಿಯಿಲ್ಲ," ಎಂದ. ಅವನ ಬಾಯಲ್ಲಿ ಅದು ದೊಡ್ಡ ಮಾತು.

ತಿಕೋಟಾದಿಂದ ಹುಡುಗ, ಅವನ ತಂದೆ ತಾಯಿ, ಅಜ್ಜಿ ಬಂದರು. ಹೊಸ ಹಿನಾ ಹಚ್ಚಿಕೊಂಡು ಚಹಾ ತಂದೆ. ಮೂಗು ತೆಪ್ಪಗಿತ್ತು. ಹಿರಿಯರಿಗೆಲ್ಲ ಕೊಟ್ಟು ಹುಡುಗನ ಮುಂದೆ ಬಗ್ಗಿದೆ. ದೇವರೇ! ಅತ್ತರದವರ ಮನೆಗೆ ಹೊರಟಿದ್ದಾನೆಂದು ಗೆಳೆಯರು ಅಪ್ಪನ ಹಳೆಯ ಗಡದ್ದು ಹಿನಾವನ್ನೇ ಅವನ ಮೈಮೇಲೆ ಸುರಿದು ಕಳಿಸಿದ್ದರಂತೆ. ಅದರಲ್ಲೇ ಅದ್ದಿದ ಹತ್ತಿ ಕಿವಿಯಲ್ಲಿ ಬೇರೆ. ಪಾಪ, ಅವನ ಕಣ್ಣುಗಳು ಕೆಂಪಾಗಿ ನೀರಾಡುತ್ತಿದ್ದವು.

"ನಮಗ ಹುಡುಗಿ..." ಎಂದು ಅವನ ತಂದೆ ಶುರುಮಾಡಿದರು. ಹುಡುಗ ಸೀನಿದ.

ಒಂದೇ ಸೀನು. ತಂದೆಯ ಮಾತು ಅಲ್ಲೇ ನಿಂತಿತು. ಅವ್ವ ಸೆರಗನ್ನು ಬಾಯಿಗೊತ್ತಿಕೊಂಡಳು. ಇಷ್ಟೆಲ್ಲ ಹೆಣಗಿ ನನ್ನ ಮೂಗನ್ನು ಪಳಗಿಸಿದರೆ ಇವನೇ ಕೆಡಿಸಿದನಲ್ಲ ಎಂದು ನನಗೆ ಅಳುವೇ ಬಂತು. ಅದನ್ನು ತಡೆಯಲು ಜೋರಾಗಿ ಉಸಿರೆಳೆದುಕೊಂಡೆ. ಅವನ ಹಿನಾ ಅಷ್ಟೂ ನನ್ನ ಮೂಗಿಗೆ ನುಗ್ಗಿತು.

ತಟ್ಟೆಯಲ್ಲಿದ್ದ ಕಪ್-ಬಸಿಗಳು ಗಲಗಲ ಅಲ್ಲಾಡುವಂತೆ ಸೀನಿದೆ.

ಅಜ್ಜಿ ಕೋಲನ್ನು ನೆಲಕ್ಕೆ ಕುಟ್ಟಿದಳು. "ಜೋಡಿ ಸೀನ! ಇನ್ನೇನ ನೋಡಾಕತ್ತೀರಿ? ಸಕ್ಕರಿ ತರ್ರಿ!"

ಅವ್ವ ಸಕ್ಕರೆಗೆಂದು ಒಳಗೆ ಓಡಿದಳು. ಅಪ್ಪ ಎದ್ದು ಬಂದು ಹುಡುಗನ ಕಿವಿಯಿಂದ ಹತ್ತಿ ತೆಗೆದು ಕಿಟಕಿಯಾಚೆ ಎಸೆದ. ನನಗೆಂದು ಮಾಡಿದ ಬಾಟಲಿಯನ್ನು ಕಿಸೆಯಿಂದ ತೆಗೆದು, ಅವನ ಮುಂಗೈಗೆ ಸವರಿ, ಹೇಳಿದ:

"ಇನ್ನ ಮ್ಯಾಲೆ ಇದನ್ನ ಹಚ್ಕೋರಿ, ಅಳಿಯಂದ್ರ."